ಒಂದೇ ಹಣ್ಣಿನ ತೂಕ

ಟೊಮೇಟೊವಿನ ಕಾಡುಮೂಲ ಪೆರು, ಈಕ್ವೆಡಾರ್ ದೇಶಗಳಲ್ಲಿ ಇಂದಿಗೂ ಬೆಳೆಯುತ್ತದೆ. ಅದರ ಹಣ್ಣು ಬಟಾಣಿ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಆ ಕುಲದ ಗಿಡದಿಂದಲೇ ಓಕ್ಲಹೋಮದ ಗಾರ್ಡನ್ ಗ್ರಹಾಂ 1986ರಲ್ಲಿ 3.51 ಕಿಲೋಗ್ರಾಂ ತೂಗುವ ಒಂದು ಹಣ್ಣನ್ನು ಪಡೆದರು. ಆ ದಾಖಲೆ ಮುರಿದದ್ದು 2014ರಲ್ಲಿ, ಮಿನೆಸೋಟದ ಈಲಿ ಎಂಬ ಊರಿನ ಡ್ಯಾನ್ ಮೆಕಾಯ್ ಅವರಿಂದ, ತೂಕ 3.81 ಕಿಲೋಗ್ರಾಂ. ಇಪ್ಪತ್ತೆಂಟು ವರ್ಷಗಳ ಪೈಪೋಟಿಗೆ ದೊರೆತ ಹೆಚ್ಚಳ 300 ಗ್ರಾಂ! ಮುಂದೆ ಆ ದಾಖಲೆಯೂ ಉಳಿಯಲಿಲ್ಲ.

ಇಂತಹ ಗಾತ್ರದ ಗುಟ್ಟು ಗೊಬ್ಬರಕ್ಕಿಂತ ಹೆಚ್ಚಾಗಿ ಹೂವಿನಲ್ಲಿದೆ. ಒಮ್ಮೊಮ್ಮೆ ಹಲವು ಹೂಗಳು ಬೆಸೆದುಕೊಂಡು ಒಂದೇ ಹೂವಾಗಿ ಅರಳುತ್ತವೆ. ಅದರ ಹಣ್ಣು ಮಡಿಕೆಬಿದ್ದು ಅಂದಗೆಡುವುದರಿಂದ ಸಾಮಾನ್ಯ ತೋಟಗಾರನು ಅದನ್ನು ವಿಕಾರವೆಂದೇ ಬಗೆಯುತ್ತಾನೆ. ಸ್ಪರ್ಧೆಗಾಗಿ ಬೆಳೆಯುವವನು ಹುಡುಕುವುದೇ ಅದನ್ನು. ಅದು ಕಾಯಿಕಟ್ಟಿದೊಡನೆ ಉಳಿದ ಹೂ, ಹೀಚುಗಳನ್ನೆಲ್ಲ ತೆಗೆದುಹಾಕಿ, ಭಾರಕ್ಕೆ ತೊಟ್ಟು ಮುರಿಯದಂತೆ ಬಟ್ಟೆಯ ಜೋಲಿ ಕಟ್ಟುತ್ತಾನೆ. ಮನೆಯ ಅಡುಗೆಗೆ ವಾರಗಟ್ಟಲೆ ಒದಗಬಹುದಾಗಿದ್ದ ಗಿಡ ಒಂದೇ ಕಾಯನ್ನು ಹೊತ್ತು ನಿಲ್ಲುತ್ತದೆ. ವ್ಯಾಪಾರಿಯ ಲೆಕ್ಕದಲ್ಲಿ ಇದು ಶುದ್ಧ ನಷ್ಟ.

ಆದರೂ ಇದನ್ನು ಬರಿಯ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇತರ ಕಾಯಿಗಳನ್ನು ಬಿಟ್ಟುಕೊಡುವುದು ಸುಲಭ. ಕಠಿಣವಾದುದು ಕೊನೆಯ ವಾರ. ಹಣ್ಣಿನ ಬಹುಭಾಗ ನೀರು. ಬಣ್ಣ ತಿರುಗಿದ ಮೇಲೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಇನ್ನೊಂದು ದಿನ, ಇನ್ನೊಂದಿಷ್ಟು ನೀರು ಎಂದು ಕಾದರೆ ಸಿಪ್ಪೆ ಬಿರಿಯಬಹುದು. ಕೊಳೆತು ರಸ ಸೋರುವ ಹಣ್ಣು ತಕ್ಕಡಿಗೆ ಸಲ್ಲದು. ಅವಸರದಿಂದ ಕಿತ್ತರೆ ಬರಬೇಕಾಗಿದ್ದ ಗ್ರಾಂಗಳು ಗಿಡದಲ್ಲೇ ಉಳಿದಂತೆ. ಎಲ್ಲಿ ನಿಲ್ಲಬೇಕೆಂಬುದನ್ನು ಯಾವ ಪುಸ್ತಕವೂ ಹೇಳಿಕೊಡದು. ಸರಕನ್ನು ಬೆಲೆಯೇರಲೆಂದು ಗೋದಾಮಿನಲ್ಲಿಟ್ಟು ಕಾಯ್ದವರಿಗೆ ಈ ಸಂಕಟ ಹೊಸದಲ್ಲ.

ಮೆಕಾಯ್ ಬೆಳೆದದ್ದು ‘ಬಿಗ್ ಜ್ಯಾಕ್’ ತಳಿ. ಅದನ್ನು ರೂಪಿಸಿದವರು ನ್ಯೂಜೆರ್ಸಿಯ ಗೃಹ ತೋಟಗಾರ್ತಿ ಮಿನ್ನೀ ಝಕ್ಕಾರಿಯಾ. ಈ ಬೆಳೆಗಾರರಲ್ಲಿ ಒಂದು ರೂಢಿಯಿದೆ: ತೂಗಿದ ಹಣ್ಣನ್ನು ಕೊಯ್ದು ಬೀಜ ತೆಗೆದು, ಪೌಂಡಿನಲ್ಲಿ ಅದರ ತೂಕವನ್ನೂ ಬೆಳೆದವರ ಮನೆತನದ ಹೆಸರನ್ನೂ ಪೊಟ್ಟಣದ ಮೇಲೆ ಬರೆದು ಹಂಚುತ್ತಾರೆ. ಪಡೆಯುವವರು ಹೆಚ್ಚಾಗಿ ಮುಂದಿನ ವರ್ಷದ ಪ್ರತಿಸ್ಪರ್ಧಿಗಳೇ. ಬೀಜ ದೊರೆತರೂ ತೂಕದ ಭರವಸೆಯಿಲ್ಲ. ಬೆಸೆದ ಹೂ ಎಲ್ಲ ಗಿಡಗಳಲ್ಲೂ ಮೂಡುವುದಿಲ್ಲ.