ಅಣ್ಣನ ಹೆಸರೇ ಮೊದಲು!

ಚಾಮರಾಜನಗರದಲ್ಲಿ ಪಿ.ಯು.ಸಿ.ಗೆ ಕೈಮುಗಿದು ಹೊರಬಂದು, ಅಣ್ಣನ ಜೊತೆ ಆರ್ಕೆಸ್ಟ್ರಾ ಕಟ್ಟಿದವನು ನಾನು. ಅಣ್ಣ ಹಾಡುಗಾರ, ನನ್ನದು ಕೀಬೋರ್ಡು. ಗಣೇಶನ ಹಬ್ಬ ಬಂತೆಂದರೆ ತೆರಕಣಾಂಬಿ ದಾಟಿ ಗುಂಡ್ಲುಪೇಟೆವರೆಗೂ ನಮ್ಮದೇ ಸದ್ದು!

2019ರ ಹಬ್ಬ. ಗುಂಡ್ಲುಪೇಟೆಯ ವೇದಿಕೆ. ಹೊಸ ಹಾಡುಗಳಿಗೆ ಹುಡುಗರು ಶಿಳ್ಳೆ ಹೊಡೆದರು, ನಿಜ. ಆದರೆ ಅಣ್ಣ 'ಎರಡು ಕನಸು' ಚಿತ್ರದ ಹಾಡು ಎತ್ತಿದ್ದೇ ತಡ, ಹಿಂದೆ ಕೂತಿದ್ದ ಹೆಂಗಸರು, ಮುದುಕರು, ಕಡಲೆಕಾಯಿ ಮಾರುವವನು... ಎಲ್ಲರೂ ದನಿಗೂಡಿಸಿದರು. 1974ರ ಚಿತ್ರ! ನಾನಿನ್ನೂ ಹುಟ್ಟೇ ಇರಲಿಲ್ಲ. ಅದು ರಾಜನ್-ನಾಗೇಂದ್ರ ಜೋಡಿಯ ಮೋಡಿ.

ಅದೇ ರಾತ್ರಿ ದುಡ್ಡು ಹಂಚುವಾಗ ಜಗಳ. "ನನ್ ಗಂಟ್ಲಿಲ್ದೆ ನಿನ್ ಪೆಟ್ಗೆ ಏನ್ಲಾ ಮಾಡದು?" ಎಂದ ಅಣ್ಣ. "ನೀನೊಬ್ನೇ ಹಾಡ್ಕೊ ಹೋಗಣ್ಣ" ಎಂದೆ. ಅವನು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ. ಮಾತು ನಿಂತಿತು.

2020ರ ಅಕ್ಟೋಬರ್‌ನಲ್ಲಿ ರಾಜನ್ ತೀರಿಕೊಂಡರು. ಪತ್ರಿಕೆಗೆ ಬರೆಯಲೆಂದು ಅವರ ಕಥೆ ಕೆದಕಿದೆ. ನಮ್ಮ ಪಕ್ಕದ ಮೈಸೂರಿನ ಅಣ್ಣತಮ್ಮಂದಿರು. ಅಣ್ಣನ ಕೈಗೆ ಪಿಟೀಲು, ತಮ್ಮನ ಕೈಗೆ ಜಲತರಂಗ. ಐವತ್ತರ ದಶಕದ ಆದಿಯಲ್ಲಿ ವಿಠಲಾಚಾರ್ಯರ 'ಸೌಭಾಗ್ಯಲಕ್ಷ್ಮಿ'ಯಿಂದ ಶುರು. 'ನ್ಯಾಯವೇ ದೇವರು', 'ಗಂಧದ ಗುಡಿ', 'ಬಯಲು ದಾರಿ', 'ಹೊಂಬಿಸಿಲು'... ನಾಯಕರು ಬದಲಾದರು. ಹಾಡುವವರು ಪಿ.ಬಿ. ಶ್ರೀನಿವಾಸರಿಂದ ಎಸ್.ಪಿ.ಬಿ.ವರೆಗೆ ಬದಲಾದರು. ಟೈಟಲ್ ಕಾರ್ಡಿನ ಜೋಡಿ ಹೆಸರು ಮಾತ್ರ ಒಡೆಯಲಿಲ್ಲ. 2000ದಲ್ಲಿ ನಾಗೇಂದ್ರ ಹೋದರು. ಆಮೇಲೆ ಇಪ್ಪತ್ತು ವರ್ಷ ರಾಜನ್ ಒಬ್ಬರೇ ಇದ್ದರೂ ಜನರ ಬಾಯಲ್ಲಿ ಅವರು ರಾಜನ್-ನಾಗೇಂದ್ರ!

ಜಗಳ ಎಲ್ಲಿಲ್ಲ ಹೇಳಿ? ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಹುಟ್ಟಿದ್ದು 1962ರಲ್ಲಿ. ಅದರ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಚಿಕ್ಕಂದಿನ ಗೆಳೆಯರು. ಎಂಬತ್ತರ ದಶಕದಲ್ಲಿ ಅವರಿಬ್ಬರೂ ಮುಖ ತಿರುಗಿಸಿಕೊಂಡಿದ್ದರು. 1989ರಲ್ಲಿ ಮತ್ತೆ ಒಟ್ಟಾಗಿ ಆಲ್ಬಂ ತಂದು ದೇಶ ದೇಶ ಸುತ್ತಿದರು. 2023ರಲ್ಲೂ ಹೊಸ ಆಲ್ಬಂ ಬಂತು!

ಲೇಖನ ಮುಗಿಸಿ ಅಣ್ಣನಿಗೆ ಫೋನ್ ಮಾಡಿದೆ. "ರಾಜನ್ ಹೋಗ್ಬುಟ್ರು ಕನಣ್ಣ." ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ, "ಪೆಟ್ಗೆ ಮಾರ್ಬುಟ್ಯಾ, ಇಲ್ಲಾ ಮಡಗಿದ್ದಿಯಾ?" ಎಂದ.

"ಮಡಗಿವ್ನಿ ಕನಣ್ಣ."

2022ರ ಹಬ್ಬದಿಂದ ವರ್ಷಕ್ಕೊಮ್ಮೆ ರಜೆ ಹಾಕಿ ಬರುತ್ತಾನೆ. ದುಡ್ಡು ಹಂಚುವಾಗ ಈಗಲೂ ಗೊಣಗುತ್ತಾನೆ, ಬಿಡಿ. ಬ್ಯಾನರಿನ ಮೇಲೆ ಇಬ್ಬರ ಹೆಸರೂ ಇದೆ. ಯಾರದು ಮೊದಲು ಅಂತೀರಾ ಗೆಳೆಯರೇ? ಅಣ್ಣನದೇ!