ಕಿರೀಟವೂ ಶಿರಸ್ತ್ರಾಣವೂ

ನಮ್ಮ ಕರ್ಕಿಯು ಯಕ್ಷಗಾನಕ್ಕೆ ಹೆಸರಾದ ಊರು. ಇಲ್ಲಿ ಬೆಳೆದವರಿಗೆ ಯುದ್ಧವೆಂದೊಡನೆ ಕಣ್ಣಿಗೆ ಕಟ್ಟುವದು ರಂಗಸ್ಥಳದ ಕಿರೀಟ-ಮುಂಡಾಸುಗಳೇ. ಹಗುರಾದ ಮರದಲ್ಲಿ ಕೊರೆದು ಬೇಗಡೆ ಹಚ್ಚಿದ ಕಿರೀಟವು ಬಾಣವನ್ನು ತಡೆಯಲಾರದು. ತಡೆಯಲೆಂದು ಮಾಡಿದ್ದೂ ಅಲ್ಲ. ಧರಿಸಿದವನು ಅರಸನೋ ರಕ್ಕಸನೋ ಎಂಬುದನ್ನು ದೂರದಿಂದಲೇ ಸಾರುವದು ಅದರ ಕೆಲಸ. ಶಿರಸ್ತ್ರಾಣದ ಕೆಲಸವಾದರೋ ಬೇರೆ.

ಪಾಠಶಾಲೆಯಲ್ಲಿ ಅಮರಕೋಶವನ್ನು ಒಪ್ಪಿಸುವಾಗ ಶೀರ್ಷಣ್ಯ, ಶಿರಸ್ತ್ರ ಎಂಬ ಪದಗಳು ನಮ್ಮ ನಾಲಗೆಯ ಮೇಲೆ ಹಾದುಹೋಗುತ್ತಿದ್ದವು. ಅವುಗಳ ಭಾರವು ತಿಳಿದದ್ದು ಮುಂದೆ ಅರ್ಥಶಾಸ್ತ್ರವನ್ನು ಓದಿದಾಗ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿ, ಆಯುಧಾಗಾರದ ಅಧ್ಯಕ್ಷನ ವಶದಲ್ಲಿರಬೇಕಾದ ವಸ್ತುಗಳೊಳಗೆ ಶಿರಸ್ತ್ರಾಣ, ಕಂಠತ್ರಾಣಗಳೂ ಸೇರಿವೆ. ಕಾದುವವನ ತಲೆಯನ್ನು ಕಾಯುವ ಹೊಣೆಯು ಅರಸನ ಉಗ್ರಾಣದ್ದೆಂದಾಯಿತು.

ಲೋಕವು ಈ ಹೊಣೆಯನ್ನು ಮರೆತ ಕಾಲವೂ ಉಂಟು. ಬಂದೂಕಿನ ಗುಂಡಿನೆದುರು ನಿಲ್ಲದೆಂದು ಯುರೋಪಿನ ಕಾಲಾಳುಗಳು ಲೋಹದ ಶಿರಸ್ತ್ರಾಣವನ್ನು ಕ್ರಮೇಣ ಬಿಟ್ಟರು. 1914ರ ಮಹಾಯುದ್ಧಕ್ಕೆ ಫ್ರೆಂಚರು ಬಟ್ಟೆಯ ಟೊಪ್ಪಿಗೆಯಲ್ಲಿಯೂ ಜರ್ಮನರು ತೊಗಲಿನ ಮೊನೆಟೊಪ್ಪಿಗೆಯಲ್ಲಿಯೂ ಹೊರಟರು. ಕಂದಕದೊಳಗಿದ್ದವನ ಮೈಗೆ ಮಣ್ಣಿನ ಮರೆಯಿತ್ತು, ತಲೆಗೆ ಇರಲಿಲ್ಲ. ಮೇಲೆ ಸಿಡಿದ ತೋಪಿನ ಗುಂಡುಗಳ ಚೂರುಗಳು ಮಳೆಯಂತೆ ಸುರಿದವು. ಆಗ 1915ರಲ್ಲಿ ಫ್ರೆಂಚರ ಆಡ್ರಿಯನ್ ಶಿರಸ್ತ್ರಾಣವೂ ಇಂಗ್ಲಿಷರ ಬ್ರೋಡಿ ಶಿರಸ್ತ್ರಾಣವೂ, 1916ರಲ್ಲಿ ಜರ್ಮನರ ಉಕ್ಕಿನ ಶಿರಸ್ತ್ರಾಣವೂ ಬಂದವು.

ಬ್ರೋಡಿಯದು ಒಂದೇ ಉಕ್ಕಿನ ತಗಡನ್ನು ಒತ್ತಿ ಮಾಡಿದ, ಬೋರಲು ಹಾಕಿದ ಬೋಗುಣಿಯಂಥದು. ತೂಕ ಸುಮಾರು 1 ಕಿಲೋಗ್ರಾಂ. ನೇರ ಬಂದ ಗುಂಡನ್ನು ತಡೆದೇನೆಂಬ ಜಂಬ ಅದಕ್ಕಿರಲಿಲ್ಲ. ಮೇಲಿನಿಂದ ಬೀಳುವ ಚೂರನ್ನು ತಡೆದರೆ ಸಾಕು. ಮೊದಮೊದಲು ಎಲ್ಲರಿಗೂ ಸಾಲದ್ದರಿಂದ, ಕಂದಕದಿಂದ ಹಿಂದಿರುಗುವವನು ತನ್ನದನ್ನು ಬದಲಿಗೆ ಬಂದವನಿಗೆ ಬಿಟ್ಟುಹೋಗಬೇಕಾಗಿತ್ತು. ಒಬ್ಬನ ಬೆವರು ಆರುವ ಮುನ್ನವೇ ಅದು ಮತ್ತೊಬ್ಬನ ತಲೆಗೇರುವದು! ಮಡಿ-ಮೈಲಿಗೆಯ ಲೆಕ್ಕವು ಅಲ್ಲಿ ನಡೆಯದು. ಕಿರೀಟವು ಒಬ್ಬನನ್ನು ಉಳಿದವರಿಂದ ಬೇರ್ಪಡಿಸುತ್ತದೆ. ಶಿರಸ್ತ್ರಾಣವು ಯಾರ ತಲೆಯೆಂದು ಕೇಳುವದಿಲ್ಲ.

ಅದೇ ಯುದ್ಧದಲ್ಲಿ, 1918ನೆಯ ಸಪ್ಟೆಂಬರ 23ರಂದು, ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡಗೂಡಿ ಹೈಫಾ ಪಟ್ಟಣವನ್ನು ಗೆದ್ದರು. ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರ ಸ್ಮರಣೆಗಾಗಿ ದಿಲ್ಲಿಯಲ್ಲಿ ನಿಲ್ಲಿಸಿದ ಮೂರು ಮೂರ್ತಿಗಳ ತಲೆಯ ಮೇಲಿರುವದು ರುಮಾಲು, ಉಕ್ಕಲ್ಲ. ರುಮಾಲು ನಮ್ಮ ಮಾನದ ಗುರುತು, ನಿಜ. ಆದರೆ ಸಿಡಿದ ಚೂರು ಮಾನವನ್ನು ಅರಿಯದು.

ನನ್ನ ಶಿಷ್ಯನೊಬ್ಬನು ಸೇನೆಯಲ್ಲಿದ್ದಾನೆ. ಈಗ ಉಕ್ಕಿಗೆ ಬದಲಾಗಿ ಅರಾಮಿಡ್ ಎಂಬ ಗಟ್ಟಿ ನೂಲಿನ ಬಟ್ಟೆಯನ್ನು ಪದರಪದರವಾಗಿ ಒತ್ತಿ ಶಿರಸ್ತ್ರಾಣಗಳನ್ನು ಮಾಡುತ್ತಾರೆಂದು ಅವನಿಂದ ತಿಳಿದೆನು. ಅವನು ರಜೆಗೆ ಬಂದಾಗ ಊರವರೆಲ್ಲರೂ ಗಡಿಯ ಸುದ್ದಿಯನ್ನೂ ಪದಕಗಳ ಸುದ್ದಿಯನ್ನೂ ಕೇಳಿದರು. ತಾಯಿಯೊಬ್ಬಳು ಮಾತ್ರ, “ತಲೆಗೆ ಹಾಕಿಕೊಳ್ಳುವದು ಗಟ್ಟಿ ಉಂಟೇನೋ, ತಮ್ಮಾ?” ಎಂದಳು. ಕೌಟಿಲ್ಯನು ಉಗ್ರಾಣಕ್ಕೆ ಹೊರಿಸಿದ ಹೊಣೆಯ ಲೆಕ್ಕವನ್ನೇ ಅಕ್ಷರವರಿಯದ ಆ ತಾಯಿ ಕೇಳಿದ್ದಳು. ವೀರರನ್ನು ಕೊಂಡಾಡುವ ಮುನ್ನ ನಾವೂ ಕೇಳತಕ್ಕ ಪ್ರಶ್ನೆ ಅದೇ.