ಕೈಬೆರಳೇ ಮೊದಲ ಸ್ಪಾನರ್

ತಾಳವಾಡಿ ಬೆಟ್ಟಗಳ ನಡುವೆ ಇರುವ ನಮ್ಮ ಗೆಟ್ಟವಾಡಿಯವರಿಗೆ ಲಾರಿ ಎಂಬುದು ಬರಿಯ ವಾಹನವಲ್ಲ. ಹೊಲದ ಎಲೆಕೋಸು, ಆಲೂಗೆಡ್ಡೆ, ಟೊಮೇಟೊಗಳು ಹಣವಾಗಬೇಕಾದರೆ ಒಂದೋ ಚಾಮರಾಜನಗರದ ಕಡೆಗೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನಿಳಿದು ಸತ್ಯಮಂಗಲದ ಕಡೆಗೆ ಹೋಗಬೇಕು. ಗಾಡಿ ನಿಂತರೆ ತರಕಾರಿ ಬಾಡುತ್ತದೆ. ತರಕಾರಿ ಬಾಡಿದರೆ ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಆದುದರಿಂದ ಎಂಜಿನ್ನಿನ ಒಂದು ಚಿಕ್ಕ ಭಾಗವಾದ ಸ್ಪಾರ್ಕ್ ಪ್ಲಗ್ಗಿನ ಬಗ್ಗೆ ನಾವು ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

“ಲಾರಿಗೆ ಸ್ಪಾರ್ಕ್ ಪ್ಲಗ್ ಎಲ್ಲಿಯದು?” ಎಂದು ತಿಳಿದವರು ಕೇಳಬಹುದು. ಪ್ರಶ್ನೆ ಸರಿಯಾದುದೇ. ದೊಡ್ಡ ಲಾರಿಗಳು ಬಹುಮಟ್ಟಿಗೆ ಡೀಸೆಲ್ ಗಾಡಿಗಳು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿನಿಂದಲೋ ಸಿ.ಎನ್.ಜಿ. ಅನಿಲದಿಂದಲೋ ಓಡುವ ಸಣ್ಣ ಲಾರಿಗಳು ಬಂದಿವೆ. ನಮ್ಮ ಮನೆಯದೂ ಅಂಥದೇ, ಎರಡನೆಯ ಕೈಯಿಂದ ಕೊಂಡದ್ದು. ಇವುಗಳಿಗೆ ಕಿಡಿಯೇ ಪ್ರಾಣ. ಅಧಿಕ ವೋಲ್ಟೇಜಿನ ಮ್ಯಾಗ್ನೆಟೋದೊಡನೆ ಸ್ಪಾರ್ಕ್ ಪ್ಲಗ್ಗನ್ನು ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ರೂಪಿಸಿದ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಬಾರಿ ಕಿಡಿ ಹಾರಿಸಬೇಕು. ಇಷ್ಟು ದುಡಿದ ಪ್ಲಗ್ಗಿನ ತುದಿ ಸವೆಯದೆ ಇರುತ್ತದೆಯೇ? ಕಾಲಕಾಲಕ್ಕೆ ಬದಲಿಸಲೇಬೇಕು.

ಅಪಾಯವಿರುವುದು ಬದಲಿಸುವಾಗಲೇ. ಪ್ಲಗ್ಗಿನ ಮೈ ಉಕ್ಕಿನದು. ಅದು ಕೂರುವ ಸಿಲಿಂಡರ್ ಹೆಡ್ ಈಗಿನ ಎಂಜಿನ್ನುಗಳಲ್ಲಿ ಅಲ್ಯೂಮಿನಿಯಮ್ಮಿನದು. ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆದು. ಒರಟುತನ ಮಾಡಿದರೆ ಪ್ಲಗ್ಗಿಗೆ ಏನೂ ಆಗುವುದಿಲ್ಲ. ರಂಧ್ರದ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದಿರುವ ಥ್ರೆಡ್ ಹರಿದುಹೋಗುತ್ತದೆ. ಪ್ಲಗ್ ಅಂಗಡಿಯಲ್ಲಿ ಸಿಗುತ್ತದೆ, ಥ್ರೆಡ್ ಸಿಗುವುದಿಲ್ಲ.

ನಮಗೆ ಇದರ ಬೆಲೆ ಗೊತ್ತಾದದ್ದು ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ಬಣ್ಣಾರಿಯಿಂದ ದಿಂಬಂ ಹತ್ತುತ್ತಿದ್ದ ಒಂದು ಸಂಜೆ. ಗಾಡಿ ನಮ್ಮ ಕೈಗೆ ಬರುವ ಮುಂಚೆಯೇ ಯಾರೋ ಒಂದು ಪ್ಲಗ್ಗನ್ನು ಓರೆಯಾಗಿ ತಿರುಗಿಸಿ ಬಿಗಿದಿದ್ದರು. ಏರಿನಲ್ಲಿ ಆ ಪ್ಲಗ್ ಸಡಿಲಗೊಂಡು ಟಪ್ ಟಪ್ ಎಂದು ಗಾಳಿ ಉಗುಳತೊಡಗಿತು; ಎಳೆಯುವ ಶಕ್ತಿ ಕುಗ್ಗಿ ಗಾಡಿ ತಿರುವೊಂದರಲ್ಲಿ ನಿಂತೇಬಿಟ್ಟಿತು. ಅದು ಆನೆಗಳು ಓಡಾಡುವ ಕಾಡು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದದ್ದು. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧ ಜಾರಿಗೆ ಬಂದ ರಸ್ತೆಯೂ ಅದೇ. ಕತ್ತಲಾಗುವ ಮುನ್ನ ಇನ್ನೊಂದು ಗಾಡಿಯವರು ಹಗ್ಗ ಕಟ್ಟಿ ಎಳೆದು ಮೇಲೆ ತಂದರು. ಅವರು ಬಾರದಿದ್ದರೆ ಆ ರಾತ್ರಿ ಹೇಗೆ ಕಳೆಯುತ್ತಿತ್ತೋ!

ಆ ಬಳಿಕ ಹಿರಿಯ ಮೆಕ್ಯಾನಿಕ್ ಒಬ್ಬರ ಪಕ್ಕದಲ್ಲಿ ನಿಂತು ಕ್ರಮವಾದ ವಿಧಾನವನ್ನು ಕಲಿತೆವು. ಅದು ಹೀಗಿದೆ.

ಮೊದಲನೆಯದಾಗಿ, ಎಂಜಿನ್ ಪೂರ್ತಿ ತಣಿಯಬೇಕು. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿಯಲ್ಲಿ ಬಿಗಿದರೆ ತಣಿದಾಗ ರಂಧ್ರ ಕಿರಿದಾಗಿ ಪ್ಲಗ್ಗನ್ನು ಕಚ್ಚಿ ಹಿಡಿಯುತ್ತದೆ. ಬಿಸಿಯಲ್ಲಿ ಬಿಚ್ಚಹೋದರೆ ಮೆದುವಾದ ಥ್ರೆಡ್ ಕಿತ್ತುಬರಬಹುದು. ಎರಡನೆಯದಾಗಿ, ಪ್ಲಗ್ಗಿನ ಸುತ್ತಲಿನ ಧೂಳನ್ನು ಸೈಕಲ್ ಪಂಪಿನಿಂದ ಊದಬೇಕು. ಇಲ್ಲವಾದರೆ ಮರಳು ಸಿಲಿಂಡರಿನೊಳಕ್ಕೆ ಬೀಳುತ್ತದೆ. ಪ್ಲಗ್ ಅಲುಗದಿದ್ದರೆ ಬಲಪ್ರಯೋಗ ಕೂಡದು. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದು, ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಬೇಕು.

ಹೊರಬಂದ ಪ್ಲಗ್ ಎಂಜಿನ್ನಿನ ನಾಡಿ ಇದ್ದಂತೆ. ತುದಿ ತಿಳಿ ಕಂದಾಗಿದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಇಂಧನ ಹೆಚ್ಚಾಗಿದೆ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳನುಗ್ಗುತ್ತಿದೆ. ಹೊಸ ಪ್ಲಗ್ಗಿನ ಥ್ರೆಡ್ಡಿನ ಉದ್ದ ಹಳೆಯದರಷ್ಟೇ ಇರಬೇಕು. ಗಿಡ್ಡದಾದರೆ ರಂಧ್ರದ ಬರಿದಾದ ಥ್ರೆಡ್ಡಿನಲ್ಲಿ ಮಸಿ ಕಟ್ಟಿಕೊಂಡು ಮುಂದೆ ಸರಿಯಾದ ಪ್ಲಗ್ ಹಾಕುವಾಗ ತೊಂದರೆ. ಉದ್ದವಾದರೆ ಪಿಸ್ಟನ್ನಿಗೇ ಬಡಿಯಬಹುದು.

ಇನ್ನು ಮುಖ್ಯ ಘಟ್ಟ. ಒಂದು ಗೇಣುದ್ದದ ಪೆಟ್ರೋಲ್ ರಬ್ಬರ್ ಕೊಳವೆಯನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ರಂಧ್ರಕ್ಕೆ ನೇರವಾಗಿ ಇಳಿಸಬೇಕು. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲನೆ ತಿರುಗಿಸಬೇಕು. ಥ್ರೆಡ್ಡಿನ ಬಾಯಿಗೆ ಬಾಯಿ ಕೂಡಿದಾಗ ಸಣ್ಣಗೆ ‘ಟಕ್’ ಎಂದು ಕುಳಿತಂತಾಗುತ್ತದೆ. ಆಗ ಬಿಗಿಯುವ ದಿಕ್ಕಿಗೆ ಬೆರಳಿನಿಂದಲೇ ತಿರುಗಿಸಬೇಕು. ಓರೆಯಾಗಿ ಹಿಡಿದರೆ ಥ್ರೆಡ್ ಹರಿಯುವ ಮೊದಲೇ ರಬ್ಬರ್ ಜಾರಿ ನಮ್ಮನ್ನು ಎಚ್ಚರಿಸುತ್ತದೆ. ಸ್ಪಾನರಿಗೆ ಈ ವಿವೇಕವಿಲ್ಲ, ಅದು ತಿರುಗಿಸಿದತ್ತ ತಿರುಗುತ್ತದೆ. ಪ್ಲಗ್ ತಳಕ್ಕೆ ಕುಳಿತ ಮೇಲೆಯೇ ಸ್ಪಾನರಿನ ಸರದಿ. ವಾಷರ್ ಇರುವ 14 ಮಿಲಿಮೀಟರಿನ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು, ಅಂದರೆ 25ರಿಂದ 30 ನ್ಯೂಟನ್ ಮೀಟರ್ ಸಾಕು. ವಾಷರಿಲ್ಲದ ಓರೆ ಬುಡದ ಪ್ಲಗ್ಗಿಗೆ ಸುತ್ತಿನ ಹದಿನಾರನೆಯ ಒಂದು ಭಾಗವಷ್ಟೇ. ಆಯಾ ಗಾಡಿಯ ಕೈಪಿಡಿ ಹೇಳುವ ಅಳತೆಯೇ ಕೊನೆಯ ಮಾತು. ತುಕ್ಕು ಹಿಡಿಯದ ಲೇಪವಿರುವ ಪ್ಲಗ್ಗಿಗೆ ಗ್ರೀಸ್ ಬಳಿಯಬಾರದು. ಜಾರಿಕೆಯಿಂದ ಅಳತೆ ಮೀರಿ ಬಿಗಿಯಾಗುತ್ತದೆ.

ಥ್ರೆಡ್ ಹೋದರೆ ಉಪಾಯವೇ ಇಲ್ಲವೆಂದಲ್ಲ. ರಂಧ್ರವನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಉಕ್ಕಿನ ಸುರುಳಿಯನ್ನು ಕೂರಿಸುತ್ತಾರೆ. ಕೊರೆದ ಚೂರು ಒಳಗೆ ಬಿದ್ದರೆ ಸಿಲಿಂಡರ್ ಗೋಡೆಗೆ ಗೀರು. ಅದಕ್ಕಾಗಿ ಹಲವು ಸಲ ಹೆಡ್ಡನ್ನೇ ಇಳಿಸಬೇಕಾಗುತ್ತದೆ. ನಮ್ಮ ಗಾಡಿಗೂ ಹೆಡ್ ಇಳಿಸಿಯೇ ಸುರುಳಿ ಹಾಕಿಸಿದೆವು. ಆ ಐದು ದಿನ ಕೊಯ್ದ ಎಲೆಕೋಸನ್ನು ಬಾಡಿಗೆ ಗಾಡಿಯಲ್ಲಿ ಕಳಿಸಿ, ಬಂದ ಹಣದಲ್ಲಿ ಹೆಚ್ಚು ಭಾಗ ಬಾಡಿಗೆಗೇ ತೆತ್ತೆವು. ಓರೆಯಾಗಿ ಬಿಗಿದವರು ಉಳಿಸಿದ್ದು ಐದು ನಿಮಿಷ ಮಾತ್ರ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಪೆಟ್ರೋಲ್ ಗಾಡಿಯಿದ್ದರೆ, ಮೊಪೆಡ್ ಆದರೂ ಸರಿ, ಅದರ ಪೆಟ್ಟಿಗೆಯಲ್ಲಿ ಒಂದು ಗೇಣು ರಬ್ಬರ್ ಕೊಳವೆಯನ್ನು ಇಂದೇ ಹಾಕಿಡಿ. ಪೋಷಕರೇ, ಮುಂದಿನ ಸಲ ಪ್ಲಗ್ ಬದಲಿಸುವಾಗ ಮಕ್ಕಳನ್ನು ಪಕ್ಕಕ್ಕೆ ಕರೆದು ಆ ‘ಟಕ್’ ಎಂಬುದನ್ನು ಅವರ ಬೆರಳಿಗೇ ತಿಳಿಯಗೊಡಿ.